ಎರಡನೇ ಪಾತಿಯ ಕೂಳೆ

ಬುಧವಾರ ಬೆಳಿಗ್ಗೆ ಎಂಟೂವರೆಗೆ ಕರೆಗಂಟೆ ಒಂದರ ಹಿಂದೊಂದು ಎರಡು ಸಲ ಹೊಡೆದುಕೊಂಡಿತು. ಒಂದೇ ಸಲ ಒತ್ತುವವರು ಪೇಪರಿನವರೋ ಹಾಲಿನವರೋ ಆಗಿರುತ್ತಾರೆ. ಎರಡು ಸಲ ಒತ್ತುವವರು ನಮ್ಮ ಅತ್ತೆಯನ್ನು ಹುಡುಕಿಕೊಂಡು ಬಂದವರು. ಈ ಮನೆಗೆ ಸೊಸೆಯಾಗಿ ಬಂದ ಹನ್ನೆರಡು ವರ್ಷಗಳಲ್ಲಿ ಇಷ್ಟನ್ನು ಕಲಿತಿದ್ದೆ. ತಿದ್ದುತ್ತಿದ್ದ ಕರಡಿನ ಹಾಳೆಗಳ ಮೇಲೆ ಪೆನ್ಸಿಲ್ ಇಟ್ಟು ಹೋಗಿ ಬಾಗಿಲು ತೆರೆದೆ.

ಮೆಕ್ಯಾನಿಕ್‌ನ ಹೆಂಡತಿ ನಿಂತಿದ್ದಳು. ನಮ್ಮ ಬೀದಿಯ ಅರ್ಧ ಜನರ ಬಟ್ಟೆ ಹೊಲಿಯುವವಳು ಅವಳು. ಕೈಯಲ್ಲಿ ನಾಲ್ಕಾಗಿ ಮಡಚಿದ ಕಾಗದವಿತ್ತು.

"ಅಕ್ಕ, ನಿಮ್ಮತ್ತೆ ಇದಾರಾ?"

ಅತ್ತೆ ಒಳಗಿನಿಂದಲೇ ಕೂಗಿದರು. "ಬಾಮ್ಮ, ಕೂತ್ಕೋ. ಅಳೋದಿದ್ರೆ ಮೊದಲು ಅತ್ತು ಮುಗಿಸು, ಆಮೇಲೆ ಮಾತಾಡೋಣ."

"ಅದೆಲ್ಲ ಮನೇಲೇ ಮುಗಿಸ್ಕೊಂಡು ಬಂದಿದೀನಿ," ಎಂದು ಅವಳು ಕಾಗದವನ್ನು ಮೇಜಿನ ಮೇಲೆ ಬಿಡಿಸಿಟ್ಟಳು.

ಅದೊಂದು ನೋಟಿಸ್. ಗ್ಯಾರೇಜಿನ ಹಳೆಯ ಎಣ್ಣೆಯನ್ನು ಬೀದಿಯ ಚರಂಡಿಗೆ ಸುರಿದು, ಜೊಂಡಿನ ತೋಟದ ಎರಡನೇ ಪಾತಿಯನ್ನು ಸಾಯಿಸಿದ್ದಕ್ಕಾಗಿ, ಶನಿವಾರ ಸಂಜೆಯೊಳಗೆ ಗ್ಯಾರೇಜ್ ಮುಚ್ಚಬೇಕು ಎಂದಿತ್ತು. ಕೆಳಗೆ ನಗರಸಭೆಯ ಇಂಜಿನಿಯರ್ ಸಹಿ. ಅದರ ಪಕ್ಕದಲ್ಲಿ ನಿವಾಸಿಗಳ ಸಂಘದ ಕಾರ್ಯದರ್ಶಿಯ ಸಹಿ. ಆ ಸಹಿಯನ್ನು ನಾನು ಕತ್ತಲಲ್ಲೂ ಗುರುತಿಸಬಲ್ಲೆ. ಅದು ನಮ್ಮವರದು.

ನಮ್ಮವರು ಅಲ್ಲೇ ಟೀ ಕುಡಿಯುತ್ತ ಕೂತಿದ್ದರು. ಅವಳು ಅವರ ಕಡೆ ತಿರುಗಿದಳು. "ಅಣ್ಣಾ, ನೀವೇ ಹೇಳಿ. ಇಪ್ಪತ್ತು ವರ್ಷದಿಂದ ನಮ್ಮನೆಯವರು ಒಂದು ತೊಟ್ಟು ಎಣ್ಣೆ ಚರಂಡಿಗೆ ಬಿಟ್ಟಿದ್ದನ್ನ ನೋಡಿದೀರಾ?"

"ಇಂಜಿನಿಯರ್ ಬರೆದಿದ್ದಕ್ಕೆ ಸಂಘದ ಸಹಿ ಬೇಕಿತ್ತಮ್ಮ. ನಾನು ಅಷ್ಟೇ ಮಾಡಿದ್ದು," ಎಂದರು. ಅರ್ಧ ಟೀ ಹಾಗೇ ಬಿಟ್ಟು ಎದ್ದು ಆಫೀಸಿಗೆ ಹೊರಟರು. ಹತ್ತು ಹದಿನೈದು ದಿನಗಳಿಂದ ಅವರು ಊಟವನ್ನೂ ಹೀಗೇ ಬಿಟ್ಟೇಳುತ್ತಿದ್ದರು. ಹೊಟ್ಟೆಯ ಹುಣ್ಣಿರಬಹುದೆಂದು ನಾನು ಡಾಕ್ಟರ ಹತ್ತಿರ ಹೋಗಿಬನ್ನಿ ಎಂದು ಪೀಡಿಸುತ್ತಿದ್ದೆ.

ಅತ್ತೆ ನೋಟಿಸನ್ನು ಎರಡು ಸಲ ಓದಿದರು. "ಶನಿವಾರ. ಅಂದ್ರೆ ಮೂರು ದಿನ ಇದೆ. ಹೋಗಿ ನಿನ್ನ ಕೆಲಸ ನೋಡ್ಕೋ. ಗಂಡನಿಗೆ ಹೇಳು, ಸಂಜೆ ಬರ್ತೀನಿ ಅಂತ."

ನಮ್ಮ ಅತ್ತೆ ಮೂವತ್ತೊಂದು ವರ್ಷ ವಿಮಾ ಕಂಪನಿಯೊಂದರಲ್ಲಿ ನಷ್ಟ ಪರಿಶೀಲಿಸುವ ಕೆಲಸ ಮಾಡಿದವರು. ಸುಟ್ಟ ಅಂಗಡಿ, ನೆನೆದ ಗೋದಾಮು, ಬಿದ್ದ ಗೋಡೆಗಳ ಮುಂದೆ ನಿಂತು, ನಿಜವಾಗಿ ಏನಾಯಿತು ಎಂದು ಬರೆದುಕೊಡುವುದು ಅವರ ಕಸುಬಾಗಿತ್ತು. ನಿವೃತ್ತಿಯಾದ ಮೇಲೆ ಬೀದಿಯವರು ತಮ್ಮ ತಮ್ಮ ಒಗಟುಗಳನ್ನು ಮನೆಗೇ ತರತೊಡಗಿದರು. ಅವರು ಚೀಲದಲ್ಲಿ ಒಂದು ಟಾರ್ಚು, ಒಂದು ನೋಟ್‌ಪುಸ್ತಕ, ಒಂದು ಉಂಡೆ ಬಿಳಿ ದಾರ ಹಾಕಿಕೊಂಡರೆ, ಜೊತೆಗೆ ಹೋಗುವುದು ನನ್ನ ಕೆಲಸ. ನಾನು ಸುಮ್ಮನೆ ಹೆದರಿಕೊಂಡು ಎಲ್ಲವನ್ನೂ ನೋಡುತ್ತಿರುತ್ತೇನೆ. ಅದು ಅವರಿಗೆ ಉಪಯೋಗಕ್ಕೆ ಬರುತ್ತದಂತೆ.

ಜೊಂಡಿನ ತೋಟ ನಮ್ಮ ಬೀದಿಗಳೆಲ್ಲ ಇಳಿದು ಮುಗಿಯುವಲ್ಲಿ ಇದೆ. ಮೊದಲೆಲ್ಲ ಮಳೆ ಬಂದರೆ ರಸ್ತೆಯ ದೂಳು, ಟೈರಿನ ಮಸಿ, ಗಾಡಿಗಳಿಂದ ತೊಟ್ಟಿಕ್ಕಿದ ಎಣ್ಣೆ ಎಲ್ಲವೂ ಚರಂಡಿಯಲ್ಲಿ ಹರಿದು ನೇರ ಕೆರೆ ಸೇರುತ್ತಿತ್ತು. ಏಳು ವರ್ಷಗಳ ಹಿಂದೆ ನಗರಸಭೆ ಅಲ್ಲಿ ಒಂದು ಹೊಂಡ ತೋಡಿ, ಅದರ ಕೆಳಗೆ ಮೆಟ್ಟಿಲುಗಳಂತೆ ಮೂರು ಪಾತಿ ಕಟ್ಟಿ, ಜಲ್ಲಿ ತುಂಬಿಸಿ ಜೊಂಡು ನೆಡಿಸಿತು. ನೀರು ಹೊಂಡದಲ್ಲಿ ನಿಂತು ಕೆಸರನ್ನು ಕೆಳಗಿಳಿಸುತ್ತದೆ. ಆಮೇಲೆ ಒಂದೊಂದೇ ಪಾತಿಯಲ್ಲಿ ಜೊಂಡಿನ ಬೇರುಗಳ ನಡುವೆ ನಿಧಾನವಾಗಿ ನುಸುಳಿ, ಕೊಳೆಯನ್ನು ಅಲ್ಲೇ ಬಿಟ್ಟು ಮುಂದೆ ಹೋಗುತ್ತದೆ. ಮೂರನೇ ಪಾತಿ ದಾಟಿದ ನೀರಿನಲ್ಲಿ ತಳದ ಕಲ್ಲು ಎಣಿಸಬಹುದು.

ಮಧ್ಯಾಹ್ನ ನಾವು ಅಲ್ಲಿಗೆ ಹೋದಾಗ ತೋಟದ ಕಾವಲಿನವರು ನಮ್ಮನ್ನು ನೋಡಿ ಗುಡಿಸಲಿನಿಂದ ಹೊರಬಂದರು. ಎಲ್ಲರೂ ಅವರನ್ನು ಜೊಂಡಿನ ತಾತ ಎನ್ನುತ್ತಾರೆ. ಕಣ್ಣಿನ ಆಪರೇಷನ್ ಆಗಿ ಇನ್ನೂ ಕಪ್ಪು ಕನ್ನಡಕ ಹಾಕುತ್ತಿದ್ದರು.

"ವಿಮೆ ಅಮ್ಮಾವ್ರು ಬಂದ್ರು. ನನ್ನ ಜೊಂಡಿಗೆ ವಿಮೆ ಮಾಡ್ಸಿರಲಿಲ್ವಲ್ಲ!"

"ಮಾಡ್ಸಿದ್ರೂ ದುಡ್ಡು ಕೊಡ್ತಿರಲಿಲ್ಲ ಬಿಡಿ. ಏನಾಯ್ತು, ಮೊದಲಿಂದ ಹೇಳಿ."

ತಾತ ಹೇಳಿದರು. ವರ್ಷಕ್ಕೊಂದು ಪಾತಿಯ ಜೊಂಡು ಕೊಯ್ಯುವುದು ರೂಢಿ. ಈ ಸಲ ಎರಡನೆಯದರ ಸರದಿ. ಆರು ವಾರಗಳ ಹಿಂದೆ ಕೊಯ್ದರು. ಎರಡು ದಿನ ಬಿಟ್ಟು ಆಪರೇಷನ್ನಿಗೆ ಹೋದವರು ಮೂರು ವಾರ ಮಗಳ ಮನೆಯಲ್ಲಿದ್ದರು. "ಕೊಯ್ದ ಹದಿನೈದು ದಿನಕ್ಕೆ ಕೂಳೆ ಹಸಿರು ಬಿಡ್ಬೇಕು ತಾಯಿ. ನಾನು ವಾಪಸ್ ಬಂದಾಗ ಒಂದು ಮೊಳಕೆ ಇಲ್ಲ. ಇನ್ನೊಂದು ವಾರ ನೋಡೋಣ ಅಂದೆ. ಕಪ್ಪಾಗೋಕೆ ಶುರುವಾಯ್ತು."

ನಾವು ಹಲಗೆಯ ಕಾಲುಹಾದಿಯ ಮೇಲೆ ನಡೆದು ಪಾತಿಯ ಮಧ್ಯಕ್ಕೆ ಹೋದೆವು. ಎಡಕ್ಕೆ ಮೇಲಿನ ಒಂದನೇ ಪಾತಿಯಲ್ಲಿ ಜೊಂಡು ನನಗಿಂತ ಎತ್ತರ ನಿಂತು ಸರಸರ ಎನ್ನುತ್ತಿತ್ತು. ಬಲಕ್ಕೆ ಕೆಳಗೆ ಮೂರನೆಯದೂ ಹಾಗೇ. ನಡುವೆ ಎರಡನೆಯದು ಮಾತ್ರ ಬೆಂಕಿ ಹಾಯ್ದ ಗದ್ದೆಯಂತಿತ್ತು. ನೀರಿನಿಂದ ನಾಲ್ಕು ಬೆರಳು ಮೇಲೆದ್ದ ಕಪ್ಪು ಕೂಳೆಗಳು, ಸಾವಿರಾರು. ಕಾಲುಹಾದಿಯ ಕಂಬಗಳ ಬುಡದಲ್ಲಿ ಮಾತ್ರ ಅಲ್ಲಲ್ಲಿ ಒಂದು ಹಿಡಿ ಹಸಿರಿತ್ತು.

"ಇವೇಕೆ ಬದುಕಿವೆ?" ಅತ್ತೆ ಕೇಳಿದರು.

"ಅಲ್ಲಿ ಕುಡುಗೋಲು ಬಗ್ಗಲ್ಲ. ಕಂಬ ಅಡ್ಡ ಬರುತ್ತೆ. ಎಷ್ಟು ಸಿಕ್ತೋ ಅಷ್ಟು ಮೇಲಿಂದ ಕೊಯ್ದಿರ್ತೀನಿ."

"ಕೊಯ್ದಿರೋದಂತೂ ನಿಜ?"

"ಕೊಯ್ದಿರೋದೇ. ನೋಡಿ ತುದಿ."

ಅತ್ತೆ ಬಗ್ಗಿ ದಾರದಲ್ಲಿ ಆ ಹಸಿರು ಕೂಳೆಯ ಎತ್ತರ ಹಿಡಿದು ಗಂಟು ಹಾಕಿದರು. ಒಂದೂವರೆ ಗೇಣು. ಆಮೇಲೆ ಕಂಬವನ್ನು ದಿಟ್ಟಿಸಿದರು. ನೀರಿನ ಮಟ್ಟದಿಂದ ಸುಮಾರು ಒಂದು ಗೇಣು ಮೇಲೆ, ಕಂಬದ ಸುತ್ತ ಒಣಗಿ ಬೆಳ್ಳಗಾದ ಪಾಚಿಯ ಗೆರೆಯಿತ್ತು. ಅದನ್ನು ಮೊದಲು ಕಂಡವಳು ನಾನು, ತೋರಿಸಿದ್ದೂ ನಾನೇ. ತಾತ ಕನ್ನಡಕ ತೆಗೆದು ಕಣ್ಣು ಕಿರಿದು ಮಾಡಿದರು. "ನನಗೆ ಏನೂ ಕಾಣಲ್ಲಮ್ಮ. ಇನ್ನೊಂದು ತಿಂಗಳು ಬೇಕಂತೆ."

ಅಷ್ಟರಲ್ಲಿ ಇಂಜಿನಿಯರ್ ಬಂದಳು. ಮೂವತ್ತರೊಳಗಿನ ಹುಡುಗಿ, ರಸ್ತೆ ವಿಭಾಗದಿಂದ ಇಲ್ಲಿಗೆ ವರ್ಗವಾಗಿ ನಾಲ್ಕು ತಿಂಗಳಾಗಿತ್ತು. ಸೋಮವಾರ ಮತ್ತು ಗುರುವಾರ ಹೊಂಡಕ್ಕೆ ಬರುವ ನೀರನ್ನೂ ಮೂರನೇ ಪಾತಿಯಿಂದ ಹೊರಡುವ ನೀರನ್ನೂ ಬಾಟಲಿಗೆ ತುಂಬಿ ಒಯ್ಯುವುದು ಅವಳ ಕೆಲಸ. ಇವತ್ತು ಬುಧವಾರವಾದರೂ ಬಂದಿದ್ದಳು; ಯಾರೋ ಸುದ್ದಿ ಮುಟ್ಟಿಸಿರಬೇಕು.

"ಅಮ್ಮ, ಹೊಂಡದ ನೀರಲ್ಲಿ ಎಣ್ಣೆ ಸಿಕ್ಕಿದೆ. ಗ್ಯಾರೇಜಿನವರು ನೀಲಿ ಡಬ್ಬ ಹಿಡ್ಕೊಂಡು ಹೊಂಡದ ಹತ್ರ ಬಗ್ಗಿದ್ದನ್ನ ನಾನೇ ಕಣ್ಣಾರೆ ನೋಡಿದೀನಿ."

"ಎಣ್ಣೆ ಮೇಲಿಂದ ಬಂದ್ರೆ ಮೊದಲು ಒಂದನೇ ಪಾತಿ ತಾನೇ ಸಾಯಬೇಕು?"

ಅವಳು ಇದಕ್ಕೆ ಸಿದ್ಧಳಾಗಿದ್ದಳು. "ಒಂದನೇದು ಕೊಯ್ದಿಲ್ಲ, ಗಟ್ಟಿಯಾಗಿದೆ. ಎರಡನೇದು ಆಗಷ್ಟೇ ಕೊಯ್ದ ಹಸಿಗಾಯ. ವಿಷ ಗಾಯಕ್ಕೆ ಬೇಗ ಹತ್ತುತ್ತೆ."

"ಒಳ್ಳೆ ಮಾತು," ಎಂದರು ಅತ್ತೆ, ನಿಜಕ್ಕೂ ಮೆಚ್ಚಿದವರಂತೆ. "ತೂಬು ತೋರಿಸ್ತೀರಾ?"

ಪ್ರತಿ ಪಾತಿಯ ಕೊನೆಗೊಂದು ತೂಬು, ಕಾಂಕ್ರೀಟಿನ ಸಣ್ಣ ಪೆಟ್ಟಿಗೆ. ಅದರ ಎರಡು ಗೋಡೆಗಳಲ್ಲಿ ಉದ್ದುದ್ದ ಸಂದು ಕೊರೆದು, ಒಂದರ ಮೇಲೊಂದು ಅಡ್ಡ ಹಲಗೆಗಳನ್ನು ಇಳಿಸಿರುತ್ತಾರೆ. ಹಲಗೆ ಎಷ್ಟೋ ನೀರು ಅಷ್ಟು. ಎರಡನೇ ಪಾತಿಯ ತೂಬಿನಲ್ಲಿ ತಾತ ಬಣ್ಣದಲ್ಲಿ ಬರೆದ ಒಂದು, ಎರಡು, ಮೂರು ಎಂಬ ಹಲಗೆಗಳು ಕ್ರಮವಾಗಿ ಕೂತಿದ್ದವು. ಅತ್ತೆ ಸಂದಿನಿಂದ ಸಂದಿಗೆ ದಾರ ಹಿಡಿದರು, ಸಂದಿನ ಆಳಕ್ಕೂ ಹಿಡಿದರು. ಗಂಟು, ಗಂಟು.

"ಈ ಕಡೆ ಬರೋ ಗೇಟಿಗೆ ಎಷ್ಟು ಬೀಗದ ಕೈ?"

"ಮೂರು," ಎಂದರು ತಾತ. "ನಂದು ಗುಡಿಸಲಲ್ಲಿ ಪೆಟ್ಟಿಗೆಯೊಳಗೆ ಇಟ್ಟು ಬೀಗ ಹಾಕಿ ಹೋಗಿದ್ದೆ. ಮೇಡಂದು ಒಂದು, ಸಂಘದ್ದು ಒಂದು."

ಸಂಜೆ ಗ್ಯಾರೇಜಿಗೆ ಹೋದಾಗ ಕಾರಿನಡಿಯಿಂದ ಎರಡು ಕಾಲು ಮಾತ್ರ ಕಾಣುತ್ತಿದ್ದವು.

"ಅಮ್ಮಾವ್ರೇ, ತಪ್ಪು ತಿಳ್ಕೋಬೇಡಿ, ಇಲ್ಲಿಂದಾನೇ ಮಾತಾಡ್ತೀನಿ. ಈ ಬೋಲ್ಟ್ ಬಿಟ್ರೆ ಇಡೀ ಕಾರು ಕೂತ್ಬಿಡುತ್ತೆ."

"ಹಾಗೇ ಇರಪ್ಪ. ನೀಲಿ ಡಬ್ಬ ಯಾತಕ್ಕೆ?"

"ತಾತ ಆಸ್ಪತ್ರೆಗೆ ಹೋದಾಗ ಹೊಂಡದ ಬಾಯಿಯ ಜಾಲರಿಗೆ ಸಿಕ್ಕಿದ ಕಸ ತೆಗಿಯೋದು ನಾನು ವಹಿಸ್ಕೊಂಡೆ. ದಿನಾ ಬೆಳಿಗ್ಗೆ. ಮೂಲೇಲಿ ಎಣ್ಣೆ ಪೊರೆ ಕಟ್ಕೊಂಡಿರುತ್ತೆ. ಹಳೇ ಬಟ್ಟೇಲಿ ಅದ್ದಿ ಡಬ್ಬಕ್ಕೆ ಹಿಂಡ್ತಿದ್ದೆ. ನಾನು ತೆಗೀತಿದ್ದೆ ಅಮ್ಮಾವ್ರೇ, ಹಾಕ್ತಿರಲಿಲ್ಲ. ಈಗ ಅದನ್ನ ಹೇಳಿದ್ರೆ ಯಾರು ನಂಬ್ತಾರೆ?"

"ನಿನ್ನ ಗ್ಯಾರೇಜಿನ ಎಣ್ಣೆ?"

"ಹಿಂದೆ ಪೀಪಾಯಿ ಇದೆ, ನೋಡಿ. ತಿಂಗಳಿಗೊಂದು ಸಲ ಗಾಡಿ ಬಂದು ಒಯ್ಯುತ್ತೆ. ಎಸೆಯೋಕೆ ನನಗೇನು ತಲೆ ಕೆಟ್ಟಿದೆಯಾ?"

ಪೀಪಾಯಿ ಮುಕ್ಕಾಲು ತುಂಬಿತ್ತು. ಪಕ್ಕದಲ್ಲಿ ನೀಲಿ ಡಬ್ಬವೂ ಇತ್ತು. ಅತ್ತೆ ಮುಚ್ಚಳ ತೆಗೆಸಿದರು. ಮೇಲೆ ಕಪ್ಪು ಎಣ್ಣೆ, ಕೆಳಗೆ ಬೂದಿಬಣ್ಣದ ನೀರು, ನಡುವೆ ಎರಡು ಒಣ ಎಲೆ, ಒಂದು ಹಕ್ಕಿಯ ಪುಕ್ಕ. "ಇಂಜಿನ್ನಿನಿಂದ ಬಸಿದ ಎಣ್ಣೇಲಿ ಹಕ್ಕಿ ಪುಕ್ಕ ಇರಲ್ಲ," ಎಂದರು ನನಗೆ ಮಾತ್ರ ಕೇಳುವಂತೆ. ಆಮೇಲೆ ಗಟ್ಟಿಯಾಗಿ, "ಪಾತಿಗಳ ಕಡೆ ಇಳಿದಿದ್ಯಾ?"

"ಹೇಗೆ ಇಳೀಲಿ? ಗೇಟಿಗೆ ಬೀಗ. ಸಂಜೆ ಸುತ್ತು ಹಾಕಿ ನೋಡ್ಕೊಳ್ಳೋದು ಸಂಘದವರದು."

ಮನೆಗೆ ಬರುವಾಗ ಅತ್ತೆ ದಾರದ ಗಂಟುಗಳನ್ನು ಬೆರಳಲ್ಲಿ ಎಣಿಸುತ್ತ ನಡೆದರು.

ನಮ್ಮ ಹಾಲ್‌ನ ಗೋಡೆಯ ಮೇಲೆ ಕಟ್ಟುಹಾಕಿಸಿದ ಒಂದು ಫೋಟೋ ಇದೆ. ಬೇರೆ ಊರುಗಳ ಅಧಿಕಾರಿಗಳು ಜೊಂಡಿನ ತೋಟ ನೋಡಲು ಬಂದ ದಿನ ತೆಗೆದದ್ದು. ತಾತ ಕೊಯ್ದು ಹತ್ತು ದಿನವಾಗಿತ್ತಷ್ಟೇ. ಆ ದಿನದ ಏರ್ಪಾಟೆಲ್ಲ ನಮ್ಮವರದೇ. ಕಾಲುಹಾದಿಯ ಮೇಲೆ ಅತಿಥಿಗಳು ಸಾಲಾಗಿ ನಿಂತಿದ್ದಾರೆ, ಪಕ್ಕದಲ್ಲಿ ಇಂಜಿನಿಯರ್, ತುದಿಯಲ್ಲಿ ನಮ್ಮವರು ಹೊಸ ಶರಟಿನಲ್ಲಿ. ಅವರ ಹಿಂದೆ ಕನ್ನಡಿಯಂಥ ನೀರು. ಅದರೊಳಗೆ ಆಕಾಶ, ಎರಡು ತುಂಡು ಮೋಡ. ಪತ್ರಿಕೆಯಲ್ಲೂ ಅದು ಬಂದಿತ್ತು. ಅತ್ತೆ ಆ ಫೋಟೋ ಮುಂದೆ ಚೀಲ ಇಳಿಸದೆ ನಿಂತೇ ಇದ್ದರು. ಟೀ ಆರಿತು. ಬಿಸಿ ಮಾಡಿ ತಂದೆ, ಅದೂ ಆರಿತು.

"ಚೆನ್ನಾಗಿ ಬಂದಿದೆಯಲ್ವಾ ಅತ್ತೆ?" ಎಂದೆ, ಏನಾದರೂ ಹೇಳಬೇಕಲ್ಲ ಎಂದು.

"ತುಂಬಾ ಚೆನ್ನಾಗಿ ಬಂದಿದೆ," ಎಂದರು.

ನಾನು ಹಿಂದಿನ ವರಾಂಡಕ್ಕೆ ಹೋಗಿ ನೆಲ ಒರೆಸತೊಡಗಿದೆ. ಮನಸ್ಸು ಸರಿಯಿಲ್ಲದಾಗ ಒರೆಸುವುದು ನನ್ನ ಅಭ್ಯಾಸ. ಅಲ್ಲಿ ಚಪ್ಪಲಿ ಇಡಲು ನಮ್ಮವರು ಮೂರು ವಾರದ ಹಿಂದೆ ಎರಡು ಕಡೆ ಇಟ್ಟಿಗೆ ಪೇರಿಸಿ ಮೇಲೊಂದು ಹಲಗೆ ಇಟ್ಟಿದ್ದರು. ಆ ಹಲಗೆ ನನ್ನ ಕಣ್ಣಿಗೆ ಮೊದಲಿನಿಂದಲೂ ಹಿಡಿಸಿರಲಿಲ್ಲ. ನಡುವೆಲ್ಲ ಹಸಿರುಗಪ್ಪು ಕಲೆ. ಎರಡು ತುದಿಗಳಲ್ಲಿ ಮಾತ್ರ ಎರಡೆರಡು ಬೆರಳಗಲ ಹೊಸ ಮರದಂತೆ ಬೆಳ್ಳಗೆ. ಸೋಪು, ಬ್ರಷ್ಷು ಎಲ್ಲ ಹಾಕಿ ಉಜ್ಜಿದ್ದೆ, ಹೋಗಿರಲಿಲ್ಲ. ಬಾಗಿಲಲ್ಲಿ ಅತ್ತೆ ನಿಂತು ನೋಡುತ್ತಿದ್ದರು. ಮರುದಿನ ಬೆಳಿಗ್ಗೆ ನೋಡಿದರೆ ಅವರ ಚಪ್ಪಲಿಗಳು ಆ ಹಲಗೆಯ ಮೇಲಿರಲಿಲ್ಲ. ಕೆಳಗೆ ನೆಲದ ಮೇಲೆ, ಗೋಡೆಗೆ ಒತ್ತಿಕೊಂಡು ಕೂತಿದ್ದವು.

ಗುರುವಾರ ಸಂಜೆ ಊಟಕ್ಕೆ ಕೂತಾಗ ಅತ್ತೆ ಮಗನ ತಟ್ಟೆಗೆ ತಾವೇ ಅನ್ನ ಬಡಿಸಿದರು. "ಮರೀ," ಎಂದರು. ಹಾಗೆ ಅವರು ಕರೆದು ಎಷ್ಟೋ ವರ್ಷವಾಗಿತ್ತು. "ನನಗೇನಾದ್ರೂ ಹೇಳೋದಿದೆಯಾ?"

ನಮ್ಮವರು ತಟ್ಟೆಯಿಂದ ತಲೆಯೆತ್ತಲಿಲ್ಲ. "ಇಲ್ಲಮ್ಮ. ಯಾಕೆ?"

"ಸುಮ್ನೆ ಕೇಳಿದೆ. ನಾಳೆ ನಾಲ್ಕು ಗಂಟೆಗೆ ಜೊಂಡಿನ ತೋಟಕ್ಕೆ ಬಾ. ಎಲ್ಲರನ್ನೂ ಕರೆದಿದೀನಿ. ಕಾರ್ಯದರ್ಶಿ ಇಲ್ದಿದ್ರೆ ಸರಿಹೋಗಲ್ಲ."

ಶುಕ್ರವಾರ ಮೂರೂವರೆಗೆ ಅತ್ತೆ ಹಳೆಯ ಹೊದಿಕೆಯಲ್ಲಿ ಸುತ್ತಿದ ಏನನ್ನೋ ನನ್ನ ಕೈಗೆ ಕೊಟ್ಟರು. "ಹಿಡ್ಕೋ. ಏನೂ ಕೇಳಬೇಡ." ಉದ್ದವಾಗಿ, ಗಟ್ಟಿಯಾಗಿ, ಭಾರವಾಗಿತ್ತು. ವರಾಂಡದ ಕಡೆ ನೋಡಿದೆ. ಎರಡು ಇಟ್ಟಿಗೆ ರಾಶಿಗಳು ಮಾತ್ರ ಉಳಿದಿದ್ದವು. ಎಲ್ಲರ ಚಪ್ಪಲಿಗಳೂ ನೆಲದ ಮೇಲಿದ್ದವು. ದಾರಿಯುದ್ದಕ್ಕೂ ಅದನ್ನು ಕೂಸಿನಂತೆ ಎದೆಗೆ ಅವಚಿಕೊಂಡು ನಡೆದೆ.

ಗುಡಿಸಲ ಮುಂದೆ ತಾತ ಎರಡು ಬೆಂಚು ಹಾಕಿದ್ದರು. ಮೆಕ್ಯಾನಿಕ್ ತೊಳೆದರೂ ಹೋಗದ ಕಪ್ಪು ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದ. ಅವನ ಹೆಂಡತಿ ಕೂರಲಿಲ್ಲ. ಇಂಜಿನಿಯರ್ ಫೈಲು ಹಿಡಿದಿದ್ದಳು. ನಮ್ಮವರು ಸ್ವಲ್ಪ ದೂರದಲ್ಲಿ ಕಾಲುಹಾದಿಗೆ ಒರಗಿ ನಿಂತರು.

"ನಾನು ಮೂವತ್ತೊಂದು ವರ್ಷ ಮಾಡಿದ್ದು ಒಂದೇ ಕೆಲಸ," ಎಂದು ಅತ್ತೆ ಶುರುಮಾಡಿದರು. "ಹಾನಿ ಎಲ್ಲಿ ಶುರುವಾಯ್ತು ಅಂತ ಎಲ್ಲರೂ ಹುಡುಕ್ತಾರೆ. ಎಲ್ಲಿ ನಿಂತುಹೋಯ್ತು ಅಂತ ನಾನು ಹುಡುಕ್ತಿದ್ದೆ. ಇಲ್ಲಿ ಹಾನಿ ಒಂದನೇ ಪಾತಿಗೆ ಆಗಿಲ್ಲ, ಮೂರನೇದಕ್ಕೂ ಆಗಿಲ್ಲ. ಅದಕ್ಕೆ ಮೇಡಂ ಕೊಟ್ಟ ಕಾರಣ ಚೆನ್ನಾಗಿತ್ತು. ಕೊಯ್ದ ಗಾಯಕ್ಕೆ ವಿಷ ಬೇಗ ಹತ್ತುತ್ತೆ ಅಂದ್ರು. ಆದ್ರೆ ಎರಡನೇ ಪಾತಿಯೊಳಗೇ ಹಾನಿ ಇನ್ನೊಂದು ಕಡೆ ನಿಂತಿದೆ."

ಅವರು ಕಾಲುಹಾದಿಯ ಕಂಬಗಳ ಕಡೆ ಕೈ ತೋರಿದರು. "ಆ ಹಸಿರು ನೋಡಿ. ಅವನ್ನೂ ಅದೇ ದಿನ, ಅದೇ ಕುಡುಗೋಲಲ್ಲಿ ಕೊಯ್ದಿದ್ದು. ಅದೇ ನೀರಲ್ಲಿ ನಿಂತಿವೆ. ಗಾಯ ಅದೇ, ನೀರು ಅದೇ. ವ್ಯತ್ಯಾಸ ಇರೋದು ಎತ್ತರದಲ್ಲಿ ಮಾತ್ರ. ಸತ್ತವು ನೀರಿಂದ ನಾಲ್ಕು ಬೆರಳು, ಬದುಕಿದವು ಒಂದೂವರೆ ಗೇಣು. ಯಾವ ವಿಷ ದಾರ ಹಿಡಿದು ಅಳತೆ ಮಾಡಿ ಸಾಯಿಸುತ್ತೆ?"

ಇಂಜಿನಿಯರ್ ಫೈಲನ್ನು ಮಡಿಲಿಗೆ ಇಳಿಸಿದಳು.

"ತಾತ, ನೀವು ಯಾಕೆ ಯಾವಾಗ್ಲೂ ನೀರಿನ ಮೇಲೇ ಕೊಯ್ತೀರಾ?"

"ಜೊಂಡಿನ ಕಡ್ಡಿ ಒಳಗೆ ಟೊಳ್ಳು ತಾಯಿ," ಎಂದರು ತಾತ. "ಬೇರು ಕೆಸರಲ್ಲಿರುತ್ತೆ, ಅಲ್ಲಿ ಗಾಳಿ ಎಲ್ಲಿಂದ ಬರ್ಬೇಕು? ಮೇಲಿಂದ ಆ ಕಡ್ಡೀಲೇ ಉಸಿರಾಡುತ್ತೆ. ಕೊಯ್ದ ಬಾಯಿ ನೀರೊಳಗೆ ಹೋದ್ರೆ..." ಅವರು ಮಾತು ನಿಲ್ಲಿಸಿದರು. ಕಪ್ಪು ಕನ್ನಡಕ ತೆಗೆದರು. "ಮುಳುಗಿಸಿದ್ರಾ?"

ಅತ್ತೆ ಪಾತಿಯ ಅಂಚಿಗೆ ಹೋಗಿ ಒಂದು ಕಪ್ಪು ಕೂಳೆ ಕಿತ್ತು ಮುರಿದರು. ಒಳಗಿಂದ ಕೊಳೆತ ನೀರು ಜಿನುಗಿತು; ವಾಸನೆಗೆ ನಾನು ಮೂಗು ಮುಚ್ಚಿಕೊಂಡೆ. "ಹೌದು. ಉಸಿರುಗಟ್ಟಿ ಸತ್ತಿವೆ. ಅಲ್ಲಿ ಕಂಬದ ಮೇಲೆ ಒಣಗಿದ ಪಾಚಿ ಗೆರೆ ಇದೆ, ನನ್ನ ಸೊಸೆ ತೋರಿಸಿದ್ಲು. ನೀರು ಒಂದು ಗೇಣು ಮೇಲಿತ್ತು. ಒಂದು ದಿನ ಎರಡು ದಿನ ಅಲ್ಲ, ಪಾಚಿ ಕಟ್ಟೋವಷ್ಟು ದಿನ. ತೂಬಿನಲ್ಲಿ ಮೂರು ಹಲಗೆ ಇದೆ. ನಾಲ್ಕನೇದು ಒಂದು ಇತ್ತು. ಯಾವತ್ತಿಂದ ಅಂತ ಸರಿಯಾಗಿ ಹೇಳೋಕಾಗಲ್ಲ, ಆದ್ರೆ ಯಾವತ್ತು ಇತ್ತು ಅಂತ ಗೊತ್ತು. ಅತಿಥಿಗಳು ಬಂದ ದಿನದ ಫೋಟೋ ನಮ್ಮನೇಲಿದೆ. ಎರಡನೇ ಪಾತೀಲಿ ಆಕಾಶ ಕಾಣುತ್ತೆ. ಒಂದೇ ಒಂದು ಕೂಳೆ ಕಾಣಲ್ಲ."

"ಹೌದು, ಆ ದಿನ ನೀರು ತುಂಬಿತ್ತು," ಎಂದಳು ಇಂಜಿನಿಯರ್ ಮೆಲ್ಲಗೆ. "ಚೆನ್ನಾಗಿ ಕಾಣ್ತಿದೆ ಅಂದ್ಕೊಂಡೆ. ತಾತ ಬಿಟ್ಟುಹೋಗಿದ್ದೇ ಅಷ್ಟು ಅಂತ..." ಅವಳ ಮುಖ ಕೆಂಪಾಯಿತು. "ನಾನು ಎರಡು ತುದಿ ನೀರು ಮಾತ್ರ ತಗೊಳ್ತಿದ್ದೆ. ಮಧ್ಯದ್ದು ನೋಡ್ಲೇ ಇಲ್ಲ."

"ಹಲಗೆ ಇಳಿಸೋಕೆ ಗೇಟು ದಾಟಬೇಕು. ತಾತನ ಬೀಗದ ಕೈ ಪೆಟ್ಟಿಗೇಲಿತ್ತು. ಗ್ಯಾರೇಜಿನವರ ಹತ್ರ ಇರಲೇ ಇಲ್ಲ. ಮೇಡಂ ಹತ್ರ ಒಂದು. ಆದ್ರೆ ಅವರು ಬೈಕಿನಲ್ಲಿ ಬಾಟಲಿ ಹೊತ್ಕೊಂಡು ಬರ್ತಾರೆ, ಹಲಗೆ ತರಲ್ಲ. ಇನ್ನೊಂದು ಬೀಗದ ಕೈ ಸಂಘದ್ದು." ಅತ್ತೆ ನನ್ನ ಕಡೆ ತಿರುಗಿದರು. "ಬಿಚ್ಚಮ್ಮ."

ನಾನು ಹೊದಿಕೆ ಬಿಚ್ಚಿದೆ. ತಾತ ಹಲಗೆ ತೆಗೆದುಕೊಂಡು ಹೋಗಿ ತೂಬಿನ ಸಂದಿಗೆ ಹಿಡಿದು ಕೆಳಗೆ ಬಿಟ್ಟರು. ಅದು ಮೂರನೆಯದರ ಮೇಲೆ ಟಕ್ ಎಂದು ಕೂತಿತು. ಸಂದಿನೊಳಗೆ ಮುಚ್ಚಿಹೋದದ್ದು ಸರಿಯಾಗಿ ಆ ಎರಡೆರಡು ಬೆರಳಗಲದ ಬಿಳಿ ಭಾಗ; ನೀರಿಗೆ ಒಡ್ಡಿ ನಿಂತದ್ದು ಆ ಹಸಿರುಗಪ್ಪು.

"ಈ ಹಲಗೆ," ಎಂದರು ಅತ್ತೆ, "ನನ್ನ ಮನೇದು."

ತೂಬಿನ ಹಿಂದೆ ನೀರು ತಡೆದು ನಿಲ್ಲುವ ಸದ್ದು ಕೇಳುತ್ತಿತ್ತು.

"ಅಮ್ಮ, ಸಾಕು. ನಾನು ಹೇಳ್ತೀನಿ," ಎಂದರು ನಮ್ಮವರು.

ಅವರು ಮುಂದೆ ಬಂದರು. "ಅತಿಥಿಗಳು ಬರೋ ಹಿಂದಿನ ಸಂಜೆ ನೋಡಿದೆ. ಪಾತಿ ಬೋಳು ತಲೆ ಹಾಗಿತ್ತು. ಮೋಟು ಮೋಟು, ಕೆಸರು. ಇದನ್ನ ತೋರಿಸೋದು ಹೇಗೆ ಅನ್ನಿಸ್ತು. ಒಂದು ಗೇಣು ನೀರು ಏರಿಸಿದ್ರೆ ಎಲ್ಲ ಮುಚ್ಕೊಳ್ಳುತ್ತೆ ಅಂತ ಮನೇಲಿದ್ದ ಹಲಗೆ ಕೊಯ್ದು ಇಳಿಸಿದೆ. ಮರುದಿನ ತೆಗೀಬೇಕು ಅಂತಾನೇ ಇದ್ದೆ. ಪೇಪರಲ್ಲಿ ಫೋಟೋ ಬಂತು. ನೋಡೋಕೆ ಇನ್ನೂ ಜನ ಬರ್ತಾರೆ ಅಂದ್ರು. ನೀರಲ್ಲಿ ಬೆಳೆಯೋ ಗಿಡ, ನೀರು ಹೆಚ್ಚಾದ್ರೆ ಏನಾಗುತ್ತೆ ಅಂದ್ಕೊಂಡು ಹಾಗೇ ಬಿಟ್ಟೆ. ತಾತ ಬರೋ ಹಿಂದಿನ ದಿನ ತೆಗೆದೆ."

"ಸತ್ತ ಮೇಲೂ ಗೊತ್ತಾಗಲಿಲ್ವಾ ನಿಂಗೆ?" ಅತ್ತೆ ಕೇಳಿದರು.

"ಅನುಮಾನ ಬಂತು. ಆಗ ಮೇಡಂ ವಿಷ ಅಂದ್ರು. ಇರಬಹುದು, ಇರಬಹುದು ಅಂತ ನನಗೆ ನಾನೇ ಹೇಳ್ಕೊಂಡೆ. ಸಹಿ ಹಾಕುವಾಗ ಕೈ ನಿಂತಿತು. ಆದ್ರೂ ಹಾಕಿದೆ." ಅವರು ಮೆಕ್ಯಾನಿಕ್ ಕಡೆ ತಿರುಗಿದರು. "ಅಣ್ಣ, ನನ್ನಿಂದ ತಪ್ಪಾಯ್ತು."

ಮೆಕ್ಯಾನಿಕ್ ತಲೆ ಕೆರೆದುಕೊಂಡ. "ನೀರಿನ ಗಿಡಾನ ನೀರಲ್ಲೇ ಮುಳುಗಿಸಿ ಕೊಂದ್ರಾ ಸಾರ್? ನಾನು ಇಪ್ಪತ್ತು ವರ್ಷದಿಂದ ಎಣ್ಣೇಲಿ ಮುಳುಗಿದೀನಿ, ಇನ್ನೂ ಬದುಕಿದೀನಿ ನೋಡಿ." ತಾತನಿಗೆ ಬೇಡವೆಂದರೂ ನಗು ಬಂತು.

ಅವನ ಹೆಂಡತಿ ನಗಲಿಲ್ಲ. "ನೀವು ನಗಬೇಡ್ರೀ," ಎಂದು ಗಂಡನಿಗೆ ಹೇಳಿ, ನಮ್ಮವರ ಎದುರು ಬಂದು ನಿಂತಳು. "ಒಂದು ವಾರದಿಂದ ಬೀದೀಲಿ ಜನ ನನ್ನ ಕಂಡ್ರೆ ಮುಖ ತಿರುಗಿಸ್ತಾರೆ. ಹೊಲಿಯೋಕೆ ಕೊಟ್ಟ ಬಟ್ಟೇನ ಮೂರು ಮನೆಯವರು ವಾಪಸ್ ತಗೊಂಡು ಹೋದ್ರು, ಕತ್ತರಿ ಹಾಕೋ ಮೊದಲೇ. ಇಲ್ಲಿ ಆರು ಜನರ ಮುಂದೆ ಹೇಳ್ಬಿಟ್ರೆ ಆಯ್ತಾ?"

"ನಾನು ಪತ್ರ ಬರೀತೀನಿ. ಸಂಘದ ಬೋರ್ಡಿಗೆ ಹಾಕ್ತೀನಿ."

"ಬೋರ್ಡು ಯಾರು ಓದ್ತಾರೆ? ಮನೆ ಮನೆಗೆ ಬಂದು ಹೇಳಿ. ನಮ್ಮ ಬೀದೀಲಿ ನಲವತ್ತೊಂದು ಮನೆ. ನಾನೂ ಬರ್ತೀನಿ ಜೊತೆಗೆ."

ನಮ್ಮವರು ಅಮ್ಮನ ಕಡೆ ನೋಡಿದರು. ಅತ್ತೆ ದಾರವನ್ನು ಉಂಡೆಗೆ ಸುತ್ತುತ್ತಿದ್ದರು, ತಲೆಯೆತ್ತಲಿಲ್ಲ. "ಬರ್ತೀನಿ," ಎಂದರು ನಮ್ಮವರು.

ಇಂಜಿನಿಯರ್ ಅಲ್ಲೇ ಬೆಂಚಿನ ಮೇಲೆ ಫೈಲು ತೆರೆದು, ನೋಟಿಸ್ ಹಿಂತೆಗೆದುಕೊಂಡಿದ್ದೇನೆ ಎಂದು ಬರೆದು ಸಹಿ ಹಾಕಿ ಮೆಕ್ಯಾನಿಕ್‌ನ ಕೈಗೆ ಕೊಟ್ಟಳು. ತಾತ ನಾಲ್ಕನೇ ಹಲಗೆ ಕಿತ್ತರು, ಮೂರನೆಯದನ್ನೂ ಕಿತ್ತರು. ಬೇರು ಎಲ್ಲಾದರೂ ಜೀವ ಹಿಡಿದಿದ್ದರೆ ಗಾಳಿ ತಾಗಲಿ ಎಂದರು. ಉಳಿದದ್ದಕ್ಕೆ ಒಂದನೇ ಪಾತಿಯ ಗಡ್ಡೆ ಸೀಳಿ ಮಳೆಗಾಲದೊಳಗೆ ನೆಡಬೇಕು. "ಕಾರ್ಯದರ್ಶಿಗಳು ಕೆಸರಿಗಿಳೀತಾರೋ?" ಎಂದು ಕೇಳಿದರು. ನಮ್ಮವರು ಶೂ ಬಿಚ್ಚತೊಡಗಿದರು. "ಇವತ್ತಲ್ಲ ಮಾರಾಯ," ಎಂದರು ತಾತ.

ಮನೆಗೆ ಬಂದ ಮೇಲೆ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದರು. "ನಿಂಗೆ ಯಾವಾಗ ಗೊತ್ತಾಯ್ತು?"

"ಹೊದಿಕೆ ಕೈಗೆ ಕೊಟ್ಟಾಗ," ಎಂದೆ. ಆಮೇಲೆ, ಸುಳ್ಳು ಬೇಡವೆನಿಸಿ, "ಇಲ್ಲ ಅತ್ತೆ. ಹಲಗೆ ಉಜ್ಜುವಾಗಲೇ ಗೊತ್ತಾಗಬೇಕಿತ್ತು. ಅದಕ್ಕೇ ಅಷ್ಟು ಉಜ್ಜಿದೆ ಅನ್ಸುತ್ತೆ."

"ನಾನೂ ಎರಡು ದಿನ ಚಪ್ಪಲೀನೇ ಎತ್ತಿಟ್ಟೆ, ಹಲಗೆ ಎತ್ತಲಿಲ್ಲ," ಎಂದು ಅವರು ಒಲೆಯ ಕಡೆ ತಿರುಗಿದರು. "ಅವನೇ ಹೇಳ್ತಾನೆ ಅಂತ ಕಾಯ್ದೆ. ಬೇರೆಯವರ ಮಗ ಆಗಿದ್ರೆ ಒಂದು ಗಂಟೇನೂ ಕಾಯ್ತಿರಲಿಲ್ಲ."

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಹೊರಟೆವು. ಮುಂದೆ ನಮ್ಮವರು, ಹಿಂದೆ ಮೆಕ್ಯಾನಿಕ್‌ನ ಹೆಂಡತಿ, ಅವಳ ಹಿಂದೆ ನಾನು. ಮೊದಲ ಮನೆಯಲ್ಲಿ ನಮ್ಮವರು, "ಎರಡನೇ ಪಾತಿ ವಿಷಯದಲ್ಲಿ ಸಂಘದಿಂದ ಒಂದು ತಪ್ಪಾಗಿದೆ," ಎಂದು ಶುರುಮಾಡಿದರು.

"ಸಂಘದಿಂದ ಅಲ್ಲ," ಎಂದಳು ಅವಳು ಹಿಂದಿನಿಂದ.

ಎರಡನೇ ಮನೆಯಲ್ಲಿ, "ನನ್ನಿಂದ ತಪ್ಪಾಯ್ತು," ಎಂದರು.

"ಏನು ತಪ್ಪು ಅಂತ ಅವರಿಗೆ ಹೇಗೆ ಗೊತ್ತಾಗ್ಬೇಕು?"

ದಿನವಿಡೀ ಬೇರೆಯವರ ವಾಕ್ಯ ತಿದ್ದಿ ಅಭ್ಯಾಸವಿರುವ ನಾನು ತುಟಿ ಕಚ್ಚಿಕೊಂಡು ನಿಂತಿದ್ದೆ. ಅವಳ ತಿದ್ದುಪಡಿಗಳಲ್ಲಿ ಒಂದೂ ತಪ್ಪಿರಲಿಲ್ಲ. ಹತ್ತನೇ ಮನೆಯ ಹೊತ್ತಿಗೆ ವಾಕ್ಯ ಸಣ್ಣದಾಗಿ, ನೇರವಾಗಿ ನಿಂತಿತು. ಆಮೇಲೆ ಅವಳು ಬಾಯಿ ಹಾಕಲಿಲ್ಲ. ಕೆಲವರು ನಕ್ಕರು. ಒಬ್ಬರು ಬಾಗಿಲು ಮುಚ್ಚಿದರು. ಒಬ್ಬ ಮುದುಕರು ಒಳಗೆ ಕರೆದು ಕೂರಿಸಿ ಅರ್ಧ ಗಂಟೆ ಬೈದರು. ನಮ್ಮವರು ಕೂತು ಪೂರ್ತಿ ಕೇಳಿದರು.

ಹದಿನೇಳನೇ ಮನೆಯ ಬಾಗಿಲು ತೆರೆದಾಕೆ ನಮ್ಮವರ ಹಿಂದೆ ನಿಂತವಳನ್ನು ಕಂಡು ಮುಖ ಬಿಗಿ ಮಾಡಿದರು. ನಮ್ಮವರು ಕೈ ಕಟ್ಟಿಕೊಂಡು ಹೇಳಿದರು. "ಜೊಂಡನ್ನ ಸಾಯಿಸಿದ್ದು ನಾನು. ಫೋಟೋ ಚೆನ್ನಾಗಿ ಬರಲಿ ಅಂತ ನೀರು ಏರಿಸಿ ಮುಳುಗಿಸಿದೆ. ಗ್ಯಾರೇಜಿನವರು ಏನೂ ಮಾಡಿಲ್ಲ. ಅದು ಗೊತ್ತಿದ್ದೂ ಅವರ ಮೇಲಿನ ನೋಟಿಸಿಗೆ ಸಹಿ ಹಾಕಿದೆ."

ಆಕೆ ಒಳಗೆ ಹೋದರು. ಬಾಗಿಲು ಅರ್ಧ ತೆರೆದೇ ಇತ್ತು. ಹೋಗೋಣವೇ ನಿಲ್ಲೋಣವೇ ತಿಳಿಯದೆ ನಿಂತೆವು. ಬಂದಾಗ ಕೈಯಲ್ಲಿ ಒಂದು ಬಟ್ಟೆಯ ಗಂಟಿತ್ತು. ನಮ್ಮವರನ್ನು ದಾಟಿ ಹೋಗಿ ಅದನ್ನು ಅವಳ ಕೈಗಿತ್ತರು.

ಅವಳು ಗಂಟು ಬಿಚ್ಚಿ ಬಟ್ಟೆಯ ಅಂಚನ್ನು ಹೆಬ್ಬೆರಳಿನಲ್ಲಿ ಉಜ್ಜಿ ನೋಡಿದಳು. "ತೋಳು ಮುಕ್ಕಾಲು ಸಾಕಾ, ಪೂರ್ತಿ ಬೇಕಾ?"

"ಪೂರ್ತಿ ಇರ್ಲಿ."

"ಮಂಗಳವಾರ ಬನ್ನಿ," ಎಂದು ಅವಳು ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡಳು. ಆಮೇಲೆ ನಮ್ಮವರ ಕಡೆ ತಿರುಗಿ, "ನಡೀರಿ ಅಣ್ಣ, ಇನ್ನೂ ಇಪ್ಪತ್ನಾಲ್ಕು ಮನೆ ಇದೆ," ಎಂದಳು.